ಕೊನೆಯ ಮುಟ್ಟು ಯಾವಾಗ? ಹಾಲೂಡಿಸುತ್ತ ಕಳೆದ 13 ತಿಂಗಳು

ಕಳೆದ ವಾರ ನನ್ನ ನಾಲ್ಕನೆಯ ಮುಟ್ಟು ಮುಗಿಯಿತು. ಶಾಲೆಗೆ ಹೋಗುವ ವಯಸ್ಸಿನಿಂದ ತಿಂಗಳು ತಿಂಗಳೂ ಆಗಿದ್ದನ್ನು ಹೀಗೆ ಬೆರಳು ಮಡಿಸಿ ಎಣಿಸುವುದು ವಿಚಿತ್ರವೆನಿಸಬಹುದು. ಇದು ಹೆರಿಗೆಯ ನಂತರದ ಎಣಿಕೆ. ಮಗಳು ಹುಟ್ಟಿ 13 ತಿಂಗಳು ತುಂಬಿದ ಮೇಲೆ ಮೊದಲನೆಯದು ಬಂತು. ಅಷ್ಟರೊಳಗೆ ನಾನು ಒಮ್ಮೆ ಆಗದಿದ್ದ ಮುಟ್ಟನ್ನು ಆಯಿತೆಂದು ಮನೆಯವರಿಗೆಲ್ಲ ಹೇಳಿದ್ದೆ, ಒಮ್ಮೆ ಆಗದಿದ್ದ ಬಸಿರಿಗೆ ಹೆದರಿ ಕಣ್ಣೀರು ಹಾಕಿದ್ದೆ, ಬೇಕಿಲ್ಲದ ಪರೀಕ್ಷೆಗಳಿಗೆ ದುಡ್ಡು ಕೊಟ್ಟಿದ್ದೆ.

ಇದೇ ಹಾದಿಯಲ್ಲಿ ಈಗ ತಡಕಾಡುತ್ತಿರುವವರಿಗಾಗಿ, ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳದೆ, ಆಮೇಲೆ ಕಲಿತವಳು.

ಆಸ್ಪತ್ರೆಯಿಂದ ಮನೆಗೆ ಹೊರಟಾಗ ಕೊಟ್ಟ ಬಿಡುಗಡೆ ಪತ್ರದಲ್ಲಿ ಮಗುವಿನ ತೂಕ, ನನ್ನ ಹೊಲಿಗೆಗಳ ವಿವರ, ಕಬ್ಬಿಣದ ಮಾತ್ರೆ, 6 ವಾರಕ್ಕೆ ಮರುಭೇಟಿ ಎಲ್ಲ ಇದ್ದವು. ಮುಟ್ಟಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ನನಗೂ ಅದರ ನೆನಪಾಗಲಿಲ್ಲ, ಏಕೆಂದರೆ ರಕ್ತ ಹೋಗುತ್ತಲೇ ಇತ್ತು. ಅದು ಮುಟ್ಟಲ್ಲ ಎಂಬುದಷ್ಟು ಗೊತ್ತಿತ್ತು. ಮಾಸು ಅಂಟಿಕೊಂಡಿದ್ದ ಜಾಗ ಮಾಯುವಾಗ ಗರ್ಭಕೋಶದ ಒಳಪದರ ಕಳಚಿ ಬರುವ ಸ್ರಾವ ಅದು. ಮೊದಲ ನಾಲ್ಕು ದಿನ ಕಡುಗೆಂಪು, ಆಮೇಲೆ ಕಂದು ಬೆರೆತ ನಸುಗೆಂಪು, ಎರಡು ವಾರ ಕಳೆಯುವಷ್ಟರಲ್ಲಿ ಹಳದಿ ಮಿಶ್ರಿತ ಬಿಳಿ. ಮಗು ಹಾಲು ಕುಡಿಯಲು ಶುರುಮಾಡಿದ ಕೂಡಲೇ ಕಿಬ್ಬೊಟ್ಟೆ ಹಿಂಡಿದಂತಾಗಿ ಸ್ರಾವ ಜಾಸ್ತಿಯಾಗುತ್ತಿತ್ತು. ಏನೋ ಹರಿದುಹೋಗಿದೆ ಎಂದು ಮೊದಲ ಎರಡು ದಿನ ನಾನು ಗಾಬರಿಯಾಗಿದ್ದೆ. ಮಗು ಚೀಪುವಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಇಳಿಸುವುದರ ಜೊತೆಗೆ ಗರ್ಭಕೋಶವನ್ನೂ ಸಂಕುಚಿಸುತ್ತದೆ, ಅಷ್ಟೇ. ಒಂದು ಮಾತನ್ನು ಮಾತ್ರ ನರ್ಸ್ ಒತ್ತಿ ಹೇಳಿದ್ದರು, ನೀವೂ ನೆನಪಿಡಿ: ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಜ್ವರ ಬಂದರೆ ಅಥವಾ ಸ್ರಾವ ದುರ್ವಾಸನೆ ಬೀರಿದರೆ ಮರುಭೇಟಿಯ ದಿನಕ್ಕೆ ಕಾಯಬಾರದು.

ಐದನೆಯ ವಾರದಲ್ಲಿ ಎಲ್ಲ ನಿಂತಿತು. ಸರಿಯಾಗಿ 41ನೆಯ ದಿನ, ಮರುಭೇಟಿಗೆ ಒಂದು ದಿನ ಮುಂಚೆ, ಮತ್ತೆ ಕೆಂಪು ಕಾಣಿಸಿತು. ಎರಡು ದಿನ ಇತ್ತು, ತೀರಾ ಕಡಿಮೆ. "ಇಷ್ಟು ಬೇಗ ಶುರುವಾಯಿತಲ್ಲ" ಎಂದು ಅಮ್ಮನಿಗೆ ಹೇಳಿದೆ, ಅಕ್ಕನಿಗೆ ಫೋನ್ ಮಾಡಿದೆ, ಗಂಡನಿಗೂ ತಿಳಿಸಿದೆ. ಮಾರನೆಯ ದಿನ ಆಸ್ಪತ್ರೆಯ ಅರ್ಜಿಯಲ್ಲಿ "ಕೊನೆಯ ಮುಟ್ಟಿನ ದಿನಾಂಕ" ಎಂಬ ಜಾಗದಲ್ಲಿ ಹೆಮ್ಮೆಯಿಂದ ಹಿಂದಿನ ದಿನದ ತಾರೀಖನ್ನು ಬರೆದೆ.

ವೈದ್ಯೆ ಅದನ್ನು ನೋಡಿ ಪೆನ್ನಿನಿಂದ ಹೊಡೆದುಹಾಕಿದರು. "ಮಗುವಿಗೆ ಎದೆಹಾಲು ಮಾತ್ರ ಕೊಡುತ್ತಿದ್ದೀಯಲ್ಲ? ಹಾಗಿದ್ದರೆ ಹೆರಿಗೆಯಾಗಿ 56 ದಿನಗಳೊಳಗೆ ಕಾಣುವ ರಕ್ತವನ್ನು ಮುಟ್ಟೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲಮ್ಮ. ಗರ್ಭಕೋಶ ಇನ್ನೂ ಮಾಯುತ್ತಿದೆ" ಎಂದರು. ಅಂದಿನಿಂದ ಆ ಜಾಗ ನನಗೆ ತಲೆನೋವಾಯಿತು. ಖಾಲಿ ಬಿಟ್ಟರೆ ಕೌಂಟರಿನವರು ಅರ್ಜಿಯನ್ನು ವಾಪಸು ಕೊಡುತ್ತಾರೆ. ಬಸಿರಿಗೆ ಮುಂಚಿನ ತಾರೀಖನ್ನು ಬರೆದರೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಅದೇ ಭೇಟಿಯಲ್ಲಿ ವೈದ್ಯೆ ಮುಂದಿನ ಬಸಿರನ್ನು ತಡೆಯಲು ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ನನಗೆ ನಗು ಬಂತು. ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿ ಆರು ವಾರವಾಗಿದೆ, ಇವರು ಯಾವ ಲೋಕದ ಮಾತಾಡುತ್ತಿದ್ದಾರೆ ಎನಿಸಿತು. ಅವರು ನಗಲಿಲ್ಲ. ಹಾಲೂಡಿಸುವುದೇ ಒಂದು ಮಟ್ಟಿಗೆ ಗರ್ಭನಿರೋಧಕ, ಆದರೆ ಅದಕ್ಕೆ ಮೂರು ಷರತ್ತುಗಳಿವೆ ಎಂದರು. ಮಗುವಿಗೆ 6 ತಿಂಗಳು ತುಂಬಿರಬಾರದು. ತಾಯಿಗೆ ಮುಟ್ಟು ಮರಳಿರಬಾರದು. ಮಗು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಎದೆಹಾಲನ್ನೇ ಕುಡಿಯುತ್ತಿರಬೇಕು, ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. ಮೂರೂ ಇದ್ದರೆ ಬಸಿರಾಗದಿರುವ ಖಾತರಿ ಶೇಕಡಾ 98ಕ್ಕಿಂತ ಹೆಚ್ಚು. 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ್ದ ತಜ್ಞರು ಬಂದ ತೀರ್ಮಾನ ಇದು, 1995ರಲ್ಲಿ ಅಲ್ಲಿಯೇ ಮತ್ತೆ ಸೇರಿ ಅದನ್ನು ಖಚಿತಪಡಿಸಿದರು. ಈ ಇಸವಿಗಳನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಅಂದು ನನ್ನ ಕಿವಿಗೆ ಬಿದ್ದದ್ದು "98" ಮಾತ್ರ. ಷರತ್ತುಗಳಲ್ಲಿ ಒಂದು ತಪ್ಪಿದರೂ ಆ ಸಂಖ್ಯೆಗೆ ಬೆಲೆಯಿಲ್ಲ ಎಂದು ಅವರು ಹೇಳಿದ್ದರು ಎಂಬುದಕ್ಕೆ ಪಕ್ಕದಲ್ಲಿದ್ದ ನನ್ನ ಗಂಡನೇ ಸಾಕ್ಷಿ. ನಾನು ಕೇಳಿಸಿಕೊಂಡಿರಲಿಲ್ಲ.

ಎರಡರಿಂದ ಐದನೆಯ ತಿಂಗಳವರೆಗೆ ಏನೂ ಆಗಲಿಲ್ಲ. ಪ್ಯಾಡ್‌ಗಳ ಪೊಟ್ಟಣ ಬೀರುವಿನ ಮೂಲೆ ಸೇರಿತು. ಆ ನಾಲ್ಕು ತಿಂಗಳು ನಿಜಕ್ಕೂ ಹಾಯಾಗಿದ್ದವು, ಹೋಲಿಕೆಗಳು ಶುರುವಾಗುವವರೆಗೆ.

ನನ್ನ ಓರಗಿತ್ತಿಗೂ ನನಗೂ ಹೆರಿಗೆಯಾಗಿದ್ದು ಒಂದೇ ತಿಂಗಳಲ್ಲಿ. ಅವಳಿಗೆ ಹಾಲು ಸಾಲದೆ ಮೊದಲ ವಾರದಲ್ಲೇ ಪುಡಿ ಹಾಲಿಗೆ ಹೋಗಬೇಕಾಗಿತ್ತು, ಏಳನೆಯ ವಾರದಲ್ಲಿ ಮುಟ್ಟು ಬಂತು. ಅಕ್ಕನದು ಇನ್ನೊಂದು ಕಥೆ. ಅವಳು ತನ್ನ ಮಗನಿಗೆ ಹಗಲೂ ರಾತ್ರಿ ಎದೆಹಾಲನ್ನೇ ಕೊಟ್ಟರೂ ಮೂರನೆಯ ತಿಂಗಳು ಮುಗಿಯುವ ಮೊದಲೇ ಮುಟ್ಟಾಗಿದ್ದಳು. "ನನ್ನ ಹಾಲಿನಲ್ಲಿ ಏನೋ ಕೊರತೆ ಇತ್ತು ಅನ್ನಿಸುತ್ತೆ ಕಣೇ, ನಿನ್ನದು ಗಟ್ಟಿ ಹಾಲು" ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಏನೂ ಹೇಳದೆ ಒಳಗೊಳಗೇ ಬೀಗಿದೆ. ಅದು ತಪ್ಪು. ಅವಳ ಹಾಲಿಗೂ ಮುಟ್ಟಿಗೂ ಹಾಗೆ ಸಂಬಂಧವೇ ಇಲ್ಲ. ಅವಳಿಗೆ ಆಮೇಲೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ನಡೆಯುವುದು ಇಷ್ಟು. ಮಗು ಮೊಲೆತೊಟ್ಟನ್ನು ಚೀಪಿದಾಗ ನರಗಳ ಮೂಲಕ ಸುದ್ದಿ ಮಿದುಳಿನ ಹೈಪೋಥಲಾಮಸ್‌ಗೆ ಮುಟ್ಟುತ್ತದೆ. ಅಂಡಾಶಯಕ್ಕೆ ಕೆಲಸ ಹಚ್ಚುವ ಆದೇಶ ಹೊರಡುವುದು ಅಲ್ಲಿಂದಲೇ: ಅದು ಮಿಡಿತ ಮಿಡಿತವಾಗಿ ಒಂದು ಹಾರ್ಮೋನನ್ನು ಬಿಡುತ್ತದೆ, ಪಿಟ್ಯುಟರಿ ಗ್ರಂಥಿ ಅದನ್ನು ಕೇಳಿ ಅಂಡಾಶಯವನ್ನು ಎಬ್ಬಿಸುತ್ತದೆ. ಚೀಪುವಿಕೆ ಆ ಮಿಡಿತದ ತಾಳ ತಪ್ಪಿಸುತ್ತದೆ. ಅಂಡ ಬಲಿಯುವುದಿಲ್ಲ, ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಏರುವುದಿಲ್ಲ, ಗರ್ಭಕೋಶದ ಒಳಪದರ ಬೆಳೆಯುವುದಿಲ್ಲ, ಬೆಳೆಯದ ಪದರ ಕಳಚುವುದೂ ಇಲ್ಲ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೂ ಇದೇ ಹೊತ್ತಿನಲ್ಲಿ ಏರಿರುತ್ತದೆ, ರಾತ್ರಿ ಇನ್ನೂ ಹೆಚ್ಚು. ಹಾಗಾಗಿ ನಡುರಾತ್ರಿ ಹಾಲೂಡಿಸುವುದಕ್ಕೆ ಮಹತ್ವ ಜಾಸ್ತಿ.

ಎಷ್ಟು ಹಾಲು ಬಂತು, ಎಷ್ಟು ಗಟ್ಟಿ ಎಂಬುದಕ್ಕಿಂತ ಮಗು ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಚೀಪುತ್ತದೆ ಎಂಬುದು ಇಲ್ಲಿ ಮುಖ್ಯ. ಕಲಹರಿ ಮರುಭೂಮಿಯ ಕುಂಗ್ ಬುಡಕಟ್ಟಿನ ತಾಯಂದಿರ ಬಗ್ಗೆ 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಕಾರಣಕ್ಕೆ ಹೆಸರಾಗಿದೆ. ಅಲ್ಲಿ ಮಗು ಸದಾ ತಾಯಿಯ ಮೈಮೇಲೆಯೇ ಇದ್ದು, ಗಂಟೆಗೆ ಹಲವು ಸಲ ಒಂದೆರಡು ನಿಮಿಷ ಚೀಪಿ ಬಿಡುತ್ತಿತ್ತು. ಬೇರೆ ಗರ್ಭನಿರೋಧಕವಿಲ್ಲದೆಯೂ ಎರಡು ಹೆರಿಗೆಗಳ ನಡುವೆ ಸುಮಾರು ನಾಲ್ಕು ವರ್ಷಗಳ ಅಂತರ ಇರುತ್ತಿತ್ತು. ಆದರೂ ಒಂದೇ ಬಗೆಯಲ್ಲಿ ಹಾಲೂಡಿಸುವ ಇಬ್ಬರಲ್ಲಿ ಒಬ್ಬಳಿಗೆ ಮೂರು ತಿಂಗಳಿಗೆ, ಇನ್ನೊಬ್ಬಳಿಗೆ ಒಂದೂವರೆ ವರ್ಷಕ್ಕೆ ಮುಟ್ಟು ಮರಳಬಹುದು. ಒಬ್ಬೊಬ್ಬರ ಮಿದುಳು ಈ ಸುದ್ದಿಗೆ ಒಂದೊಂದು ರೀತಿ ಓಗೊಡುತ್ತದೆ. ಅಕ್ಕನದು ಬೇಗ ಎದ್ದಿತು, ನನ್ನದು ಮಲಗಿಯೇ ಇತ್ತು. ಇದರಲ್ಲಿ ಅವಳ ಸೋಲೂ ಇಲ್ಲ, ನನ್ನ ಸಾಧನೆಯೂ ಇಲ್ಲ.

ಈಸ್ಟ್ರೋಜನ್ ಇಳಿದಿರುವುದರ ಇನ್ನೊಂದು ಮುಖವನ್ನು ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ನಾನು ಹೇಳಿಬಿಡುತ್ತೇನೆ. ಯೋನಿ ಒಣಗಿದಂತಾಗಿ ಕೂಡುವಾಗ ಉರಿ, ನೋವು. ಹೊಲಿಗೆ ಸರಿಯಾಗಿ ಮಾಗಿಲ್ಲವೆಂದು ಎರಡು ತಿಂಗಳು ಸುಮ್ಮನೆ ಸಹಿಸಿದೆ. ಕೇಳಿದ ಮೇಲೆ ವೈದ್ಯೆ ಇದು ಹಾಲೂಡಿಸುವವರಲ್ಲಿ ಸಾಮಾನ್ಯ ಎಂದು ಹೇಳಿ, ಜಾರುವಿಕೆಗೆ ಹಚ್ಚುವ ಜೆಲ್ ಬರೆದುಕೊಟ್ಟರು. ಎರಡು ನಿಮಿಷದ ಮಾತು. ಆ ಎರಡು ನಿಮಿಷಕ್ಕೆ ಬಾಯಿ ಬಿಡಲು ನನಗೆ ಎರಡು ತಿಂಗಳು ಬೇಕಾಯಿತು.

ಆರನೆಯ ತಿಂಗಳು ಮುಗಿದ ವಾರ ಮನೆಯಲ್ಲಿ ಮೂರು ಸಂಭ್ರಮಗಳು ಒಟ್ಟಿಗೆ ಬಂದವು. ಮಗಳಿಗೆ ಮೊದಲ ಬಾರಿಗೆ ಮೆತ್ತನೆಯ ಆಹಾರ ಕೊಟ್ಟೆವು. ನಾನು ಕೆಲಸಕ್ಕೆ ಮರಳಿದೆ. ಮತ್ತು ಮಗಳು ಒಂದು ರಾತ್ರಿ ಏಳು ಗಂಟೆ ಎಚ್ಚರವಿಲ್ಲದೆ ಮಲಗಿದಳು. ಮರುದಿನ ಬೆಳಿಗ್ಗೆ ನಾನೂ ನನ್ನ ಗಂಡನೂ ಒಬ್ಬರನ್ನೊಬ್ಬರು ಗೆದ್ದವರಂತೆ ನೋಡಿಕೊಂಡೆವು. ವೈದ್ಯೆಯ ಷರತ್ತುಗಳಲ್ಲಿ ಎರಡು ಅದೇ ವಾರ ಕಳಚಿಬಿದ್ದಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮುಟ್ಟು ಬಂದಿಲ್ಲವಲ್ಲ, ಇನ್ನೂ ಹಾಲೂಡಿಸುತ್ತಿದ್ದೇನಲ್ಲ, ಅದೇ ಧೈರ್ಯ.

ಕಚೇರಿಯಲ್ಲಿ ದಿನಕ್ಕೆ ಎರಡು ಸಲ ಪಂಪಿನಿಂದ ಹಾಲು ತೆಗೆಯುತ್ತಿದ್ದೆ. ಕೂರಲು ಸಿಕ್ಕ ಜಾಗ ಹಳೆಯ ಕಡತಗಳ ಕೋಣೆ, ಬಾಗಿಲಿಗೆ ಚಿಲಕವಿರಲಿಲ್ಲ. ಸಹೋದ್ಯೋಗಿಯೊಬ್ಬಳು ಹೊರಗೆ ನಿಂತು ಕಾಯುತ್ತಿದ್ದಳು, ಅವಳ ಋಣ ದೊಡ್ಡದು. ಪಂಪಿನ ಲೆಕ್ಕವೂ ಚೀಪುವ ಲೆಕ್ಕವೂ ಒಂದೇ ಎಂದು ನಾನು ತಿಳಿದಿದ್ದೆ. ಹಾಲಿನ ಮಟ್ಟಿಗೆ ಪಂಪು ಉಪಕಾರಿ, ಆದರೆ ಅಂಡಾಶಯವನ್ನು ಮಲಗಿಸುವ ವಿಷಯದಲ್ಲಿ ಅದನ್ನು ಮಗುವಿನ ಬಾಯಿಗೆ ಸಮವೆಂದು ನೆಚ್ಚಬಾರದಂತೆ. ಹೊರಗೆ ದುಡಿಯುವ ತಾಯಂದಿರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಎಂಟನೆಯ ತಿಂಗಳಲ್ಲಿ ಬೆಳಗಿನ ಹೊತ್ತು ಹೊಟ್ಟೆ ತೊಳಸತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ಆರಕ್ಕೇ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ನಿದ್ದೆಗೆಟ್ಟಿದ್ದರಿಂದ ಎಂದುಕೊಂಡು ಹತ್ತು ದಿನ ತಳ್ಳಿದೆ. ಹನ್ನೊಂದನೆಯ ದಿನ ಒಂದು ಯೋಚನೆ ತಲೆಗೆ ಹೊಕ್ಕು, ಅಲ್ಲಿಂದ ಮುಂದೆ ನಿದ್ದೆಯೂ ಹೋಯಿತು. ಮುಟ್ಟು ಬರುತ್ತಿದ್ದರೆ "ತಪ್ಪಿತು" ಎಂದು ಗೊತ್ತಾಗುತ್ತಿತ್ತು. ಬಾರದಿದ್ದದ್ದು ತಪ್ಪುವುದೆಂತು? ಮೊದಲ ಮುಟ್ಟಿಗೆ ಎರಡು ವಾರ ಮುಂಚೆಯೇ ಅಂಡ ಬಿಡುಗಡೆಯಾಗಿರಬಹುದು, ಹಾಗಾಗಿ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸಿರಾಗುವುದು ಸಾಧ್ಯ. ಈ ಮಾತನ್ನು ನಾನು ಓದಿದ್ದು ರಾತ್ರಿ ಎರಡು ಗಂಟೆಗೆ, ಮಗಳು ಎದೆಯ ಮೇಲೆ ಮಲಗಿದ್ದಾಗ. ಗಂಡನನ್ನು ಎಬ್ಬಿಸಲಿಲ್ಲ. ಬೆಳಗಿನವರೆಗೆ ಒಬ್ಬಳೇ ಲೆಕ್ಕ ಹಾಕುತ್ತ ಕೂತೆ: ಇಬ್ಬರು ಮಕ್ಕಳ ನಡುವೆ ಹದಿನೇಳು ತಿಂಗಳ ಅಂತರ, ಮತ್ತೆ ರಜೆ ಕೇಳಬೇಕು, ಹೊಲಿಗೆ ಹಾಕಿದ ಮೈಗೆ ಇನ್ನೊಂದು ಹೆರಿಗೆ. ಆ ರಾತ್ರಿ ನನಗೆ ಬಂದ ಸಿಟ್ಟು ಮಗಳ ಮೇಲಲ್ಲ ಎಂದು ಬರೆಯಲು ಆಸೆ, ಆದರೆ ಸ್ವಲ್ಪ ಅವಳ ಮೇಲೂ ಇತ್ತು.

ಮನೆಯಲ್ಲೇ ಮಾಡುವ ಮೂತ್ರ ಪರೀಕ್ಷೆಯಲ್ಲಿ ಒಂದೇ ಗೆರೆ ಬಂತು. ನಂಬಲಿಲ್ಲ. ಹಾಲೂಡಿಸುವುದರಿಂದ ಫಲಿತಾಂಶ ತಪ್ಪಾಗಿ ಬರುತ್ತದೆಂದು ಯಾರೋ ಹೇಳಿದ್ದರು. ಇದು ಸುಳ್ಳು. ಆ ಪರೀಕ್ಷೆ ಹುಡುಕುವುದು ಬಸಿರಿನ ಹಾರ್ಮೋನನ್ನು, ಹಾಲಿನ ಹಾರ್ಮೋನಿಗೂ ಅದಕ್ಕೂ ಸಂಬಂಧವಿಲ್ಲ. ತೀರಾ ಬೇಗ ಪರೀಕ್ಷಿಸಿದರೆ ಮಾತ್ರ ತಪ್ಪಬಹುದು. ಕೊನೆಯ ಸಲ ಕೂಡಿ ಮೂರು ವಾರ ಕಳೆದ ಮೇಲೂ ಒಂದೇ ಗೆರೆ ಬಂದರೆ ಬಸಿರಿಲ್ಲವೆಂದು ತಿಳಿಯಬಹುದು. ಮುಟ್ಟಿನ ದಿನಾಂಕವಿಲ್ಲದ ನಮ್ಮಂಥವರಿಗೆ ಎಣಿಸಲು ಸಿಗುವ ಗಟ್ಟಿ ಆಧಾರ ಇದೊಂದೇ. ನನಗೆ ಗೊತ್ತಿರಲಿಲ್ಲ. ಮೂರು ದಿನಕ್ಕೊಂದರಂತೆ ನಾಲ್ಕು ಪರೀಕ್ಷಾ ಪಟ್ಟಿಗಳನ್ನು ಮುಗಿಸಿ, ಸಮಾಧಾನವಾಗದೆ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆ.

ಆ ಬೆಳಿಗ್ಗೆಯನ್ನು ಮರೆಯುವಂತಿಲ್ಲ. ಮೂತ್ರಕೋಶ ತುಂಬಿರಬೇಕೆಂದು ಲೀಟರುಗಟ್ಟಲೆ ನೀರು ಕುಡಿಸಿ ಕೂರಿಸಿದರು. ನನ್ನ ಸರದಿ ಬರಲು ಎರಡೂ ಕಾಲು ಗಂಟೆ. ತೊಡೆಯ ಮೇಲೆ ಎಂಟು ತಿಂಗಳ ಮಗು, ಅವಳ ಕಾಲು ಸರಿಯಾಗಿ ತುಂಬಿದ ಮೂತ್ರಕೋಶದ ಮೇಲೆ. ಹಸಿದು ಅತ್ತಳು, ಅಲ್ಲೇ ಸೆರಗು ಮರೆ ಮಾಡಿ ಹಾಲೂಡಿಸಿದೆ. ಕೌಂಟರಿನಲ್ಲಿ ಅದೇ ಅರ್ಜಿ, ಅದೇ ಖಾಲಿ ಜಾಗ. ಒಂದೂವರೆ ವರ್ಷ ಹಿಂದಿನ ತಾರೀಖನ್ನು ಬರೆದೆ. ಗುಮಾಸ್ತೆ "ಇಸವಿ ತಪ್ಪಾಗಿದೆ" ಎಂದಳು. ತಪ್ಪಾಗಿಲ್ಲ ಎಂದೆ. ನನ್ನ ಹಿಂದೆ ನಿಂತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು.

ಅಂದಿನಿಂದ ಇಂಥ ಕಡೆ ನಾನು "ಹೆರಿಗೆ ಇಂಥ ದಿನ, ಹಾಲೂಡಿಸುತ್ತಿದ್ದೇನೆ, ಮುಟ್ಟು ಮರಳಿಲ್ಲ" ಎಂದು ಅಡ್ಡಲಾಗಿ ಬರೆಯುತ್ತೇನೆ. ವೈದ್ಯರಿಗೆ ಬೇಕಾದದ್ದು ಅದೇ. ನೀವೂ ಹಾಗೇ ಬರೆಯಿರಿ. ಜೊತೆಗೆ ಹೆರಿಗೆಯ ಬಿಡುಗಡೆ ಪತ್ರ ಮತ್ತು ಹಿಂದಿನ ರಕ್ತ ಪರೀಕ್ಷೆಯ ವರದಿ ಇರಲಿ. ಇವೆರಡು ಮನೆಯಲ್ಲೇ ಉಳಿದಿದ್ದರಿಂದ ನಾನು ಇನ್ನೊಂದು ದಿನ ಅಲೆದೆ.

ಸ್ಕ್ಯಾನಿನಲ್ಲಿ ಬಸಿರಿರಲಿಲ್ಲ. ಗರ್ಭಕೋಶದ ಒಳಪದರ ತೀರಾ ತೆಳುವಾಗಿದೆ ಎಂದು ವರದಿಯಲ್ಲಿತ್ತು. ಹಗುರಾಗಿ ನಿಟ್ಟುಸಿರು ಬಿಟ್ಟವಳಿಗೆ "ತೆಳು" ಎಂಬ ಪದ ಹೊಸ ಭಯ ಹುಟ್ಟಿಸಿತು. ವೈದ್ಯೆಯ ಬಳಿ ಓಡಿದೆ. ಅವರು ವರದಿಯನ್ನು ನೋಡಿ, "ಅಂಡಾಶಯ ಮಲಗಿದ್ದರೆ ಪದರ ತೆಳುವಾಗಿಯೇ ಇರಬೇಕು, ದಪ್ಪವಾಗಿದ್ದರೆ ನಾನು ಯೋಚಿಸುತ್ತಿದ್ದೆ" ಎಂದರು. ಆಮೇಲೆ ನನಗೆ ಅಸಂಬದ್ಧವೆನಿಸಿದ ಪ್ರಶ್ನೆಗಳನ್ನು ಕೇಳಿದರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತೇ? ಹಾಲು ಚೆನ್ನಾಗಿ ಬಂತೇ? ತಲೆನೋವು, ಕಣ್ಣು ಮಂಜಾಗುವುದು ಇದೆಯೇ? ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾದಾಗ ಅಪರೂಪಕ್ಕೆ ಪಿಟ್ಯುಟರಿ ಗ್ರಂಥಿಗೇ ಪೆಟ್ಟು ಬೀಳುತ್ತದಂತೆ. ಶೀಹನ್ ಸಿಂಡ್ರೋಮ್ ಎಂದು ಅದರ ಹೆಸರು. ಅಂಥವರಿಗೆ ಮುಟ್ಟೂ ಬರುವುದಿಲ್ಲ, ಹಾಲೂ ಬರುವುದಿಲ್ಲ. ಹಾಲು ಧಾರಾಳವಾಗಿದ್ದು ಮುಟ್ಟು ಬಾರದಿರುವುದು ಬೇರೆ, ಎರಡೂ ಇಲ್ಲದಿರುವುದು ಬೇರೆ. ಹಾಗೆಯೇ ಹಾಲು ಪೂರ್ತಿ ಬಿಡಿಸಿ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ ಬಂದು ತೋರಿಸು ಎಂದರು.

ಸುಸ್ತಿಗೆ ಕಾರಣ ಹುಡುಕಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದು ಉಂಟು, ಸುಸ್ತನ್ನು ನಿದ್ದೆಗೇಡಿನ ತಲೆಗೆ ಕಟ್ಟಿ ಸುಮ್ಮನಾಗುವವರೇ ಹೆಚ್ಚು. ನನ್ನ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಆರನೆಯ ವಾರದ ನಂತರ ಕಬ್ಬಿಣದ ಮಾತ್ರೆಯನ್ನು ನಾನೇ ನಿಲ್ಲಿಸಿದ್ದೆ. ಮತ್ತೆ ಶುರುಮಾಡಿದ ಮೂರು ವಾರಕ್ಕೆ ಮೆಟ್ಟಿಲುಗಳು ಮೊದಲಿನಂತಾದವು.

ಖರ್ಚಿನ ಮಾತು ಹೇಳಬೇಕು. ನಾಲ್ಕು ಪಟ್ಟಿಗಳು, ಸ್ಕ್ಯಾನು, ಎರಡು ರಕ್ತ ಪರೀಕ್ಷೆಗಳು, ಮೂರು ಸಲದ ವೈದ್ಯರ ಶುಲ್ಕ, ಎರಡು ದಿನದ ರಜೆ. ಇದರಲ್ಲಿ ರಕ್ತ ಪರೀಕ್ಷೆಗಳಿಗೆ ಕೊಟ್ಟದ್ದು ಮಾತ್ರ ಸಾರ್ಥಕ. ಉಳಿದದ್ದು 6 ತಿಂಗಳು ತುಂಬುವ ಮೊದಲೇ ಒಂದು ಗರ್ಭನಿರೋಧಕವನ್ನು ಆರಿಸಿಕೊಳ್ಳದ ದಂಡ.

ಆ ಭೇಟಿಯಲ್ಲಿ ಆರಿಸಿಕೊಂಡೆವು. ಹಾಲೂಡಿಸುವವರಿಗೆ ಈಸ್ಟ್ರೋಜನ್ ಇರುವ ಸಾಮಾನ್ಯ ಗುಳಿಗೆಗಳನ್ನು ಮೊದಲ ತಿಂಗಳುಗಳಲ್ಲಿ ಕೊಡುವುದಿಲ್ಲ, ಹೆರಿಗೆಯಾದ ಮೊದಲ 6 ವಾರವಂತೂ ಸಲ್ಲದು. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಮಾತ್ರ ಇರುವ ಗುಳಿಗೆ, ಚುಚ್ಚುಮದ್ದು, ಕಾಪರ್ ಟಿ, ಕಾಂಡೋಮ್ ಇವೆಲ್ಲ ಆಗುತ್ತವೆ. ಪ್ರೊಜೆಸ್ಟಿನ್ ತೆಗೆದುಕೊಂಡರೆ ಆಗೊಮ್ಮೆ ಈಗೊಮ್ಮೆ ರಕ್ತ ಕಾಣಿಸಿಕೊಳ್ಳಬಹುದು, ಆಗ ಯಾವುದು ಔಷಧಿಯದು, ಯಾವುದು ಮುಟ್ಟು ಎಂದು ನಾನು ಮತ್ತೆ ಲೆಕ್ಕ ಹಾಕುತ್ತ ಕೂರುವವಳೇ. ಕಾಪರ್ ಟಿ ಮುಟ್ಟಿನ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು, ನನ್ನಲ್ಲಿ ರಕ್ತವೇ ಕಡಿಮೆ. ಹಾಗಾಗಿ ಸದ್ಯಕ್ಕೆ ಕಾಂಡೋಮ್ ಎಂದು ಇಬ್ಬರೂ ಒಪ್ಪಿದೆವು. ಇದು ನನ್ನ ಆಯ್ಕೆ, ನಿಮ್ಮದು ನಿಮ್ಮ ವೈದ್ಯರೊಡನೆ ಕೂತು ಮಾಡಬೇಕಾದದ್ದು.

ಒಂಬತ್ತು, ಹತ್ತು, ಹನ್ನೊಂದು. ಏನೂ ಇಲ್ಲ. ಎರಡನೆಯ ಮಗುವಿಗೆ ಹಂಬಲಿಸುತ್ತಿದ್ದ ಗೆಳತಿಯೊಬ್ಬಳು ಇದೇ ಹೊತ್ತಿನಲ್ಲಿ ಹಾಲು ಬಿಡಿಸಿಬಿಡಲೇ ಎಂದು ಕೇಳುತ್ತಿದ್ದಳು. ಅವಳ ವೈದ್ಯರು ಒಮ್ಮೆಗೇ ಬಿಡಿಸಬೇಕಿಲ್ಲ, ರಾತ್ರಿಯ ಸರದಿಗಳನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಿ ನೋಡು ಎಂದರಂತೆ. ಹಾಗೆ ಮಾಡಿದ ಎರಡನೆಯ ತಿಂಗಳಿಗೆ ಅವಳಿಗೆ ಮುಟ್ಟು ಮರಳಿತು. ನನಗೆ ಅವಸರವಿರಲಿಲ್ಲ. ಒಂದು ಹೆರಿಗೆಯ ನಂತರ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಕಾಯುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾನು ಅದಕ್ಕಿಂತಲೂ ಹೆಚ್ಚು ಕಾಯಲು ಸಿದ್ಧಳಿದ್ದೆ.

ಹದಿಮೂರನೆಯ ತಿಂಗಳ ಕೊನೆಯಲ್ಲಿ ಒಂದು ದಿನ ಮೊಲೆತೊಟ್ಟು ಮುಟ್ಟಿದರೆ ನೋವು. ಹಲ್ಲು ಬಂದಿದೆ, ಕಚ್ಚಿರಬೇಕು ಎಂದುಕೊಂಡೆ. ಒಳಉಡುಪಿನಲ್ಲಿ ಎಳೆ ಎಳೆಯಾಗಿ ಜಗ್ಗುವ ತಿಳಿಯಾದ ಸ್ರಾವ ಕಂಡಿತು. ಅಂಡ ಬಿಡುಗಡೆಯಾಗುವ ಹೊತ್ತಿನ ಲಕ್ಷಣ ಅದು. ಮುಂಚೆ ಗೊತ್ತಿದ್ದ ಸಂಗತಿಯೇ, ಆದರೆ ನೋಡಿ ಎರಡು ವರ್ಷವಾಗಿತ್ತಾದ್ದರಿಂದ ಗುರುತು ಹತ್ತಲಿಲ್ಲ. ಹದಿಮೂರು ದಿನಗಳ ನಂತರ, ಮಗಳು ಸಂಜೆ ಹಾಲು ಕುಡಿಯುತ್ತಿದ್ದವಳು ಬಾಯಿ ಬಿಟ್ಟು ಸಿಟ್ಟಿನಿಂದ ನನ್ನನ್ನು ನೋಡಿದಳು. ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಹಾಲು ಕಡಿಮೆಯಾಗಿತ್ತು. ಮಾರನೆಯ ದಿನ ಕಚೇರಿಯ ಶೌಚಾಲಯದಲ್ಲಿ ಕೆಂಪು ಕಂಡಿತು. ಪ್ಯಾಡ್ ಬೀರುವಿನ ಮೂಲೆಯಲ್ಲಿತ್ತು, ಮನೆಯಲ್ಲಿ. ಪಂಪಿನ ಕೋಣೆಗೆ ಕಾವಲು ನಿಲ್ಲುತ್ತಿದ್ದ ಅದೇ ಸಹೋದ್ಯೋಗಿ ಈ ಸಲವೂ ಕೈ ಹಿಡಿದಳು.

ಅಂದರೆ ಅಂಡ ಮೊದಲು ಬಂತು, ಮುಟ್ಟು ಆಮೇಲೆ. ಮುಟ್ಟಿಲ್ಲವೆಂಬ ಧೈರ್ಯದಲ್ಲೇ ಇದ್ದಿದ್ದರೆ ಆ ಎರಡು ವಾರಗಳಲ್ಲಿ ಏನು ಬೇಕಾದರೂ ಆಗಬಹುದಿತ್ತು. ಮೊದಲ ತಿಂಗಳುಗಳಲ್ಲೇ ಮರಳುವ ಮುಟ್ಟು ಹಲವರಲ್ಲಿ ಅಂಡವಿಲ್ಲದೆಯೇ ಬರುತ್ತದೆ. ತಡವಾದಷ್ಟೂ ಅಂಡ ಮೊದಲೇ ಹೊರಟಿರುವ ಸಾಧ್ಯತೆ ಹೆಚ್ಚು.

ಆ ಮೊದಲ ಮುಟ್ಟು ಏಳು ದಿನ ಹರಿಯಿತು, ಎರಡು ದಿನ ಜೋರಾಗಿಯೇ. ಕಬ್ಬಿಣದ ಮಾತ್ರೆ ನಿಲ್ಲಿಸದಿದ್ದದ್ದು ಒಳ್ಳೆಯದಾಯಿತು. ಸುದ್ದಿ ತಿಳಿದ ದೂರದ ಬಂಧುವೊಬ್ಬರು "ಇನ್ನು ಹಾಲು ಕೆಟ್ಟಿತು, ಬಿಡಿಸಿಬಿಡು" ಎಂದರು. ಹಾಲು ಕೆಡುವುದಿಲ್ಲ. ಮುಟ್ಟಿಗೆ ಮುಂಚಿನ ಕೆಲವು ದಿನ ಕೆಲವರಲ್ಲಿ ಪ್ರಮಾಣ ಕೊಂಚ ಇಳಿಯುತ್ತದೆ, ಕೆಲವು ಮಕ್ಕಳು ಕಿರಿಕಿರಿ ಮಾಡುತ್ತವೆ, ರಕ್ತಸ್ರಾವ ಶುರುವಾದ ಒಂದೆರಡು ದಿನದಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಆ ದಿನಗಳಲ್ಲಿ ಹೆಚ್ಚು ಸಲ ಎದೆಗೆ ಹಾಕಿಕೊಂಡರೆ ಸಾಕು. ಅಮ್ಮ ನನ್ನ ಪರವಾಗಿ ಆ ಬಂಧುವಿಗೆ ಉತ್ತರ ಕೊಟ್ಟಳು, ನಾನು ಕೊಡಬಹುದಾಗಿದ್ದಕ್ಕಿಂತ ಖಾರವಾಗಿ.

ಎರಡನೆಯ ಮುಟ್ಟು 47 ದಿನಕ್ಕೆ ಬಂತು. ಇನ್ನೂ ಹಾಲೂಡಿಸುವಾಗ ಮೊದಲ ಕೆಲವು ಸುತ್ತುಗಳು ಹೀಗೆ ಹಿಂದುಮುಂದಾಗುವುದು ಸಹಜವೆಂದು ಗೊತ್ತಿದ್ದರೂ 40ನೆಯ ದಿನ ಒಂದು ಪಟ್ಟಿ ತಂದು ಪರೀಕ್ಷಿಸಿದೆ. ಮೂರನೆಯದು 26 ದಿನಕ್ಕೆ, ನಾಲ್ಕನೆಯದು 33ಕ್ಕೆ. ಮಗಳು ಈಗ ದಿನಕ್ಕೆ ಮೂರು ಸಲ ಹಾಲು ಕುಡಿಯುತ್ತಾಳೆ, ಬೆಳಿಗ್ಗೆ, ಸಂಜೆ ಮತ್ತು ನಡುರಾತ್ರಿ ತನಗೆ ತೋಚಿದಾಗ. ಮುಟ್ಟು ಬರುವ ಎರಡು ದಿನ ಮುಂಚೆ ಬಾಯಿ ಬಿಟ್ಟು ಅದೇ ಸಿಟ್ಟಿನ ನೋಟ ಬೀರುತ್ತಾಳೆ. ಕಳೆದ ಎರಡು ಸಲ ಕ್ಯಾಲೆಂಡರ್ ನೋಡುವ ಮೊದಲೇ ಅವಳ ಮುಖ ನೋಡಿ ಚೀಲದಲ್ಲಿ ಪ್ಯಾಡ್ ಇಟ್ಟುಕೊಂಡೆ.